ಹಲ್ಲಿನ ಗುರುತು, ಅಂಕದ ಹಾಳೆ: ಹ್ಯಾರಿ ಮ್ಯಾಲಿನ್ ಬದುಕು ಮತ್ತು ಒಲಿಂಪಿಕ್ ಬಾಕ್ಸಿಂಗ್‌ನ ತೀರದ ತಂಟೆ

2025ರ ಮಾರ್ಚ್‌ನಲ್ಲಿ ಗ್ರೀಸ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಬಾಕ್ಸಿಂಗನ್ನು ಸೇರಿಸಿಕೊಳ್ಳಲು ಒಪ್ಪಿತು. ಅದಕ್ಕೆ ಮೊದಲು ಮೂರು ವರ್ಷಕ್ಕೂ ಹೆಚ್ಚು ಕಾಲ ಆ ಕೂಟದ ಪಟ್ಟಿಯಲ್ಲಿ ಬಾಕ್ಸಿಂಗ್ ಹೆಸರೇ ಇರಲಿಲ್ಲ. 1904ರಿಂದ ಈಚೆಗೆ ಬಾಕ್ಸಿಂಗ್ ಇಲ್ಲದ ಒಲಿಂಪಿಕ್ಸ್ ಎಂದರೆ 1912ರದ್ದು ಮಾತ್ರ. ಅದೂ ಸ್ವೀಡನ್ನಿನ ಕಾನೂನು ಈ ಆಟವನ್ನು ನಿಷೇಧಿಸಿತ್ತೆಂಬ ಕಾರಣಕ್ಕೆ. ಅಷ್ಟು ಹಳೆಯ ಆಟವೊಂದು ಹೊರಗೆ ಬೀಳುವ ಅಂಚಿಗೆ ಬಂದು ನಿಂತದ್ದು ಏಕೆ ಎಂದು ಕೇಳಿದರೆ ಉತ್ತರಗಳು ಹಲವು ಸಿಗುತ್ತವೆ. ಬಾಕ್ಸಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆಯ ಸಾಲ, ಅದರ ಆಡಳಿತ, ಅದರ ಅಧ್ಯಕ್ಷರ ಹಿನ್ನೆಲೆ, ಒಂದೇ ಕಂಪನಿಯ ಹಣದ ಮೇಲಿನ ಅವಲಂಬನೆ, ಎಲ್ಲವೂ ನಿಜ. ಆದರೆ ರಿಂಗಿನೊಳಗೆ ನಿಂತ ಹುಡುಗ ಅಥವಾ ಹುಡುಗಿಯ ಪಾಲಿಗೆ ಪ್ರಶ್ನೆ ಒಂದೇ: ಗೆದ್ದವರು ಯಾರೆಂದು ಹೇಳುವವರನ್ನು ನಂಬಬಹುದೇ?

ಈ ಪ್ರಶ್ನೆಗೆ ಒಂದು ಶತಮಾನ ತುಂಬಿದೆ. ಅದನ್ನು ಅರ್ಥ ಮಾಡಿಕೊಳ್ಳಲು ಲಂಡನ್ನಿನ ಒಬ್ಬ ಪೊಲೀಸನ ಬದುಕಿನಷ್ಟು ಸಹಾಯ ಮಾಡುವ ಇನ್ನೊಂದು ಕಥೆ ನನಗೆ ಕಂಡಿಲ್ಲ. ಆತ ಹ್ಯಾರಿ ಮ್ಯಾಲಿನ್. ಎರಡು ಒಲಿಂಪಿಕ್ಸ್‌ಗಳಲ್ಲಿ ಬಂಗಾರ ಗೆದ್ದ ಇಂಗ್ಲೆಂಡಿನ ಹವ್ಯಾಸಿ ಬಾಕ್ಸರ್; ಮುನ್ನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿ ಒಂದರಲ್ಲಿಯೂ ಸೋಲದವರು ಎಂದು ದಾಖಲೆಗಳು ಹೇಳುತ್ತವೆ. ಆದರೂ ಅವರು ಒಂದು ಪಂದ್ಯದಲ್ಲಿ ಸೋತಿದ್ದರು. ಒಂದು ರಾತ್ರಿಯ ಮಟ್ಟಿಗೆ, ಪ್ಯಾರಿಸ್ಸಿನಲ್ಲಿ.

ಹ್ಯಾಕ್ನಿಯ ಹುಡುಗ

ಮ್ಯಾಲಿನ್ ಹುಟ್ಟಿದ್ದು 1892ರಲ್ಲಿ, ಪೂರ್ವ ಲಂಡನ್ನಿನಲ್ಲಿ. ಹಡಗುಕಟ್ಟೆ, ಕಾರ್ಖಾನೆ, ಇಕ್ಕಟ್ಟಾದ ಬಾಡಿಗೆ ಮನೆಗಳ ಆ ಭಾಗದಲ್ಲಿ ಬಾಕ್ಸಿಂಗ್ ಎಂದರೆ ಹುಡುಗರು ಬೀದಿಯಿಂದ ಒಂದು ಛಾವಣಿಯ ಕೆಳಗೆ ಬರುವ ದಾರಿ. ಹ್ಯಾಕ್ನಿ ವಿಕ್‌ನಲ್ಲಿ ಈಟನ್ ಮೇನರ್ ಎಂಬ ಹುಡುಗರ ಕ್ಲಬ್ ಇತ್ತು. ಅದನ್ನು ಕಟ್ಟಿದವರು ಈಟನ್‌ನಂಥ ಶ್ರೀಮಂತರ ಶಾಲೆಯಲ್ಲಿ ಓದಿದವರು; ಅಲ್ಲಿಗೆ ಬರುತ್ತಿದ್ದವರು ಕೂಲಿಕಾರರ ಮಕ್ಕಳು. ಇಂಗ್ಲೆಂಡಿನ ಹವ್ಯಾಸಿ ಬಾಕ್ಸಿಂಗ್‌ನ ಸಾಮಾಜಿಕ ಚಿತ್ರವೆಲ್ಲ ಈ ಒಂದು ಕ್ಲಬ್ಬಿನಲ್ಲಿ ಅಡಗಿದೆ: ನಿಯಮ ಬರೆಯುವವರು, ಹಣ ಹಾಕುವವರು, ತೀರ್ಪು ಕೊಡುವವರು ಮೇಲಿನವರು, ಹೊಡೆತ ತಿನ್ನುವವರು ಕೆಳಗಿನವರು. ಇದನ್ನು ದೂರಾಗಿ ಹೇಳುತ್ತಿಲ್ಲ. ಆ ಕ್ಲಬ್ ಸಾವಿರಾರು ಹುಡುಗರಿಗೆ ಒಳ್ಳೆಯದನ್ನೇ ಮಾಡಿತು. ಆದರೆ ತೀರ್ಪಿನ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ. (ಆ ಕ್ಲಬ್ಬಿನ ಮೈದಾನವಿದ್ದ ಜಾಗ ಮುಂದೆ 2012ರ ಲಂಡನ್ ಒಲಿಂಪಿಕ್ ಪಾರ್ಕಿನ ಭಾಗವಾಯಿತು, ಪ್ಯಾರಾಲಿಂಪಿಕ್ಸ್‌ನ ಗಾಲಿಕುರ್ಚಿ ಟೆನಿಸ್ ನಡೆದದ್ದು ಅಲ್ಲಿಯೇ.)

ಮ್ಯಾಲಿನ್ ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸ್ ಪಡೆಯಲ್ಲಿ ಕೆಲಸಕ್ಕೆ ಸೇರಿದರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರಿಗೆ 26 ವರ್ಷ. ಬಾಕ್ಸರ್ ಒಬ್ಬನ ಒಳ್ಳೆಯ ಕಾಲದ ಅರ್ಧ ಆಗಲೇ ಕಳೆದಿತ್ತು. ಆದರೂ 1919ರಿಂದ 1923ರವರೆಗೆ ಸತತ ಐದು ವರ್ಷ ಇಂಗ್ಲೆಂಡಿನ ಹವ್ಯಾಸಿ ಮಿಡಲ್‌ವೇಟ್ ಪಟ್ಟ ಅವರದೇ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಕೆನಡಾದ ಜಾರ್ಜ್ ಪ್ರುದೋಮ್ ಅವರನ್ನು ಸೋಲಿಸಿ ಬಂಗಾರ ಗೆದ್ದರು. ಎತ್ತರದ ಆಳು, ನೆಟ್ಟಗೆ ನಿಂತು ಆಡುವ ಶೈಲಿ, ಎದುರಾಳಿಯನ್ನು ಹತ್ತಿರ ಬರಗೊಡದ ನೇರವಾದ ಎಡಗೈ ಹೊಡೆತ: ಇಂಗ್ಲಿಷ್ ಪಾಠಶಾಲೆಯ ಬಾಕ್ಸಿಂಗ್ ಎಂದು ಆ ಕಾಲದವರು ಯಾವುದನ್ನು ಕರೆಯುತ್ತಿದ್ದರೋ ಅದು.

ಇಷ್ಟು ಗೆದ್ದವರು ವೃತ್ತಿಪರ ರಿಂಗಿಗೆ ಇಳಿದು ಹಣ ಮಾಡಬಹುದಿತ್ತು. ಮ್ಯಾಲಿನ್ ಇಳಿಯಲಿಲ್ಲ. ಪೊಲೀಸ್ ಕೆಲಸದ ಸಂಬಳ, ಕೊನೆಗೆ ಬರುವ ಪಿಂಚಣಿ, ಸಂಜೆ ಕ್ಲಬ್ಬಿನ ಅಭ್ಯಾಸ, ಇವು ಸಾಕೆಂದುಕೊಂಡರು. ಅವರ ತಮ್ಮ ಫ್ರೆಡ್ ಕೂಡ ಅದೇ ದಾರಿ ಹಿಡಿದು, ಅದೇ ತೂಕದಲ್ಲಿ, 1928ರಿಂದ 1932ರವರೆಗೆ ಐದು ಸಲ ಅದೇ ಪಟ್ಟ ಗೆದ್ದರು. ಒಂದೇ ಮನೆಯಲ್ಲಿ ಹತ್ತು ರಾಷ್ಟ್ರೀಯ ಪಟ್ಟಗಳು! ನಮ್ಮ ದೇಶದಲ್ಲಿಯೂ ಬಾಕ್ಸಿಂಗ್ ಬೆಳೆದದ್ದು ಸೇನೆ, ರೈಲ್ವೆ, ಪೊಲೀಸ್ ನೌಕರಿಗಳ ಆಸರೆಯಲ್ಲೇ ಆದ್ದರಿಂದ ಮ್ಯಾಲಿನ್ ಅವರ ಈ ಆಯ್ಕೆ ಭಾರತದ ಓದುಗರಿಗೆ ತಕ್ಷಣ ಅರ್ಥವಾಗುತ್ತದೆ.

1924, ಪ್ಯಾರಿಸ್

ಬಾಕ್ಸಿಂಗ್ ಪಂದ್ಯಗಳು ನಡೆದದ್ದು ವೆಲೊಡ್ರೋಮ್ ದಿವೇರ್ ಎಂಬ ಒಳಾಂಗಣದಲ್ಲಿ. ಅದು ಚಳಿಗಾಲದ ಸೈಕಲ್ ಸ್ಪರ್ಧೆಗಳಿಗಾಗಿ ಕಟ್ಟಿದ್ದು. ಸುತ್ತಲೂ ಜನ, ನಡುವೆ ರಿಂಗು, ಮೇಲೆ ಮುಚ್ಚಿದ ಛಾವಣಿ. ಬ್ರಿಟನ್ನಿನ ಪದ್ಧತಿಯಲ್ಲಿ ರೆಫರಿ ರಿಂಗಿನ ಹೊರಗೆ ಕುಳಿತು ಪಂದ್ಯ ನಡೆಸುತ್ತಿದ್ದರು. ಪ್ಯಾರಿಸ್ಸಿನಲ್ಲಿ ಅವರು ಒಳಗಿದ್ದರು. ಯಾವುದು ಹಿಡಿತ, ಯಾವುದು ತಪ್ಪು ಹೊಡೆತ ಎಂಬ ಬಗ್ಗೆ ಒಂದೊಂದು ದೇಶದ್ದು ಒಂದೊಂದು ತಿಳಿವಳಿಕೆ. ಇಟಲಿಯ ಬಾಕ್ಸರ್ ಒಬ್ಬರನ್ನು ಅನರ್ಹಗೊಳಿಸಿದ ಬ್ರಿಟಿಷ್ ರೆಫರಿಯ ಮೇಲೆ ಪ್ರೇಕ್ಷಕರು ನಾಣ್ಯ, ಕೋಲು ಎಸೆದರು. ಕೊನೆಗೆ ಬೇರೆ ಬೇರೆ ದೇಶಗಳ ಬಾಕ್ಸರುಗಳೇ ಸುತ್ತುವರಿದು ಅವರನ್ನು ಹೊರಗೆ ಕರೆದೊಯ್ಯಬೇಕಾಯಿತು.

ಈ ವಾತಾವರಣದಲ್ಲಿ 32 ವರ್ಷದ ಮ್ಯಾಲಿನ್ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸಿನ ರೋಜೆ ಬ್ರೂಸ್ ಅವರನ್ನು ಎದುರಿಸಿದರು. ಮೂರು ಸುತ್ತುಗಳಲ್ಲಿ ಮ್ಯಾಲಿನ್ ಮೇಲುಗೈ ಸಾಧಿಸಿದ್ದರು ಎಂಬುದು ಆ ಕಾಲದ ಬ್ರಿಟಿಷ್ ವರದಿಗಾರರ ಒಮ್ಮತ. ಪಂದ್ಯ ಮುಗಿದಾಗ ಅವರು ರೆಫರಿಯ ಬಳಿ ಹೋಗಿ ತಮ್ಮ ಎದೆಯನ್ನು ತೋರಿಸಲು ನೋಡಿದರು. ಅಲ್ಲಿ ಹಲ್ಲು ನೆಟ್ಟ ಗುರುತುಗಳಿದ್ದವು. ರೆಫರಿ ಗಮನಿಸಲಿಲ್ಲ. ತೀರ್ಪುಗಾರರ ಬಹುಮತ ಬ್ರೂಸ್ ಪರ ಬಂತು. ಛಾವಣಿ ಹಾರಿಹೋಗುವಂಥ ಕೂಗು.

ಮ್ಯಾಲಿನ್ ದೂರು ಕೊಡಲಿಲ್ಲ. ತೀರ್ಪನ್ನು ಪ್ರಶ್ನಿಸದೆ ರಿಂಗಿನಿಂದ ಇಳಿಯುವುದು ಹವ್ಯಾಸಿ ಆಟಗಾರನ ಮರ್ಯಾದೆ ಎಂದು ಅವರಿಗೆ ಕಲಿಸಲಾಗಿತ್ತು. ದೂರು ಕೊಟ್ಟವರು ಸ್ವೀಡನ್ನಿನ ಅಧಿಕಾರಿಯೊಬ್ಬರು, ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆಗೆ ಸೇರಿದವರು. ಈ ಪಂದ್ಯದಲ್ಲಿ ಅವರ ದೇಶದವರು ಯಾರೂ ಇರಲಿಲ್ಲ. ಮರುದಿನ ವಿಚಾರಣೆ ನಡೆಯಿತು. ಬ್ರೂಸ್ ಅವರ ಹಿಂದಿನ ಎದುರಾಳಿ, ಅರ್ಜೆಂಟೀನಾದವರು, ತಮ್ಮನ್ನೂ ಕಚ್ಚಿದ್ದರೆಂದು ಹೇಳಿದ್ದು ದೂರಿಗೆ ಬಲ ಕೊಟ್ಟಿತು. ಕಚ್ಚಿದ್ದು ಉದ್ದೇಶಪೂರ್ವಕವಲ್ಲ, ಹೊಡೆಯುವಾಗ ದವಡೆ ಕಚ್ಚುವುದು ಅವರ ಅಭ್ಯಾಸ ಎಂಬ ಸಮಜಾಯಿಷಿಯೂ ಬಂತು. ಸಮಿತಿ ಬ್ರೂಸ್ ಅವರನ್ನು ಅನರ್ಹಗೊಳಿಸಿತು. ಆ ಸಂಜೆ ಅದನ್ನು ಪ್ರಕಟಿಸಿದಾಗ ಬ್ರೂಸ್ ಕಣ್ಣೀರು ಹಾಕಿದರು, ಅಭಿಮಾನಿಗಳು ಅವರನ್ನು ಹೆಗಲ ಮೇಲೆ ಹೊತ್ತು ರಿಂಗಿಗೆ ಏರಿಸಲು ಯತ್ನಿಸಿದರು, ಪೊಲೀಸರು ತಡೆದರು. ಮ್ಯಾಲಿನ್ ಸೆಮಿಫೈನಲ್‌ನಲ್ಲಿ ಬೆಲ್ಜಿಯಂನ ಜೋಸೆಫ್ ಬೀಕನ್ ಅವರನ್ನೂ ಫೈನಲ್‌ನಲ್ಲಿ ತಮ್ಮದೇ ದೇಶದ ಜಾನ್ ಎಲಿಯಟ್ ಅವರನ್ನೂ ಸೋಲಿಸಿದರು. ಒಲಿಂಪಿಕ್ ಬಾಕ್ಸಿಂಗ್ ಪಟ್ಟವನ್ನು ಉಳಿಸಿಕೊಂಡ ಮೊದಲಿಗರು ಅವರೇ.

ಲಂಡನ್ನಿನ ಟೈಮ್ಸ್ ಪತ್ರಿಕೆ ಒಲಿಂಪಿಕ್ಸ್‌ಗೆ ಇನ್ನು ಉಳಿಗಾಲವಿಲ್ಲ ಎಂಬ ಧಾಟಿಯಲ್ಲಿ ಬರೆಯಿತು. ಬ್ರಿಟನ್ನಿನಲ್ಲಿ ಈ ಕಥೆಯನ್ನು ಈಗಲೂ ಸತ್ಯ ಗೆದ್ದ ಕಥೆಯಾಗಿ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಸಮಿತಿ ತಿದ್ದಿದ್ದು ಏನನ್ನು ಎಂದು ಒಮ್ಮೆ ನಿಧಾನವಾಗಿ ನೋಡಿ. ಮ್ಯಾಲಿನ್ ಹೆಚ್ಚು ಹೊಡೆತ ಹೊಡೆದಿದ್ದರು, ಅಂಕ ಎಣಿಸಿದವರು ತಪ್ಪು ಮಾಡಿದರು ಎಂದು ಅದು ಹೇಳಲಿಲ್ಲ. ಬ್ರೂಸ್ ಕಚ್ಚಿದರು, ಕಚ್ಚುವುದು ನಿಯಮಕ್ಕೆ ವಿರುದ್ಧ ಎಂದಷ್ಟೇ ಹೇಳಿತು. ಬ್ರೂಸ್ ಬಾಯಿ ಮುಚ್ಚಿಕೊಂಡು ಆಡಿದ್ದರೆ, ಅದೇ ತೀರ್ಪುಗಾರರು ಅದೇ ತಪ್ಪು ತೀರ್ಪು ಕೊಟ್ಟಿದ್ದರೂ, ಮ್ಯಾಲಿನ್ ಕ್ವಾರ್ಟರ್ ಫೈನಲ್‌ನಲ್ಲಿ ಸೋತವರಾಗಿಯೇ ಮನೆಗೆ ಮರಳುತ್ತಿದ್ದರು. ಅವರನ್ನು ಉಳಿಸಿದ್ದು ಮೈಮೇಲೆ ಉಳಿದ ಗುರುತು.

ನೂರು ವರ್ಷಗಳ ಒಲಿಂಪಿಕ್ ಬಾಕ್ಸಿಂಗ್‌ನ ಗಲಾಟೆಗಳನ್ನೆಲ್ಲ ಈ ಒಂದು ಭೇದದ ಮೂಲಕ ನೋಡಿದರೆ ಬಹಳಷ್ಟು ತಿಳಿಯಾಗುತ್ತದೆ. ನಿಯಮ ಮುರಿದದ್ದಕ್ಕೆ ಗುರುತು ಉಳಿಯುತ್ತದೆ. ಅದನ್ನು ಮೇಲ್ಮನವಿಯಲ್ಲಿ ತಿದ್ದಬಹುದು. ಅಭಿಪ್ರಾಯಕ್ಕೆ ಗುರುತು ಉಳಿಯುವುದಿಲ್ಲ. ಅದು ತಪ್ಪಾದರೆ ಅದಕ್ಕೆ ಮದ್ದು ಸಿಕ್ಕಿದ್ದು ಬಹಳ ವಿರಳ.

ಭಾರತಕ್ಕೆ ತಾಗಿದ ಎರಡು ಪ್ರಕರಣಗಳು

2012ರ ಲಂಡನ್ ಒಲಿಂಪಿಕ್ಸ್. ವಿಕಾಸ್ ಕೃಷ್ಣನ್ ಅಮೆರಿಕದ ಎರೋಲ್ ಸ್ಪೆನ್ಸ್ ಅವರನ್ನು 13-11ರಿಂದ ಸೋಲಿಸಿದರು. ಕೆಲವೇ ಗಂಟೆಗಳಲ್ಲಿ ಅಮೆರಿಕದ ಮೇಲ್ಮನವಿಯ ಮೇಲೆ ಫಲಿತಾಂಶ ತಲೆಕೆಳಗಾಯಿತು. ಮೂರನೇ ಸುತ್ತಿನಲ್ಲಿ ವಿಕಾಸ್ ಒಂಬತ್ತು ಸಲ ಎದುರಾಳಿಯನ್ನು ಹಿಡಿದುಕೊಂಡಿದ್ದರು, ಎರಡನೇ ಸುತ್ತಿನಲ್ಲಿ ಬಾಯಿಯ ರಕ್ಷಾಕವಚವನ್ನು ಬೇಕೆಂದೇ ಉಗುಳಿದ್ದರು, ರೆಫರಿ ಕನಿಷ್ಠ ಎರಡು ಎಚ್ಚರಿಕೆ ಕೊಡಬೇಕಿತ್ತು ಎಂದು ಸಮಿತಿ ಹೇಳಿ ಸ್ಪೆನ್ಸ್ ಅವರಿಗೆ ನಾಲ್ಕು ಅಂಕ ಸೇರಿಸಿತು. 15-13. ಭಾರತಕ್ಕೆ ಅದು ನೋವಿನ ರಾತ್ರಿ. ಆದರೆ ತರ್ಕ ಪ್ಯಾರಿಸ್ಸಿನದೇ: ಎಣಿಸಬಹುದಾದ ತಪ್ಪು, ವಿಡಿಯೊದಲ್ಲಿ ಉಳಿದ ಗುರುತು, ತಿದ್ದುಪಡಿ. ಅದೇ ಕೂಟದಲ್ಲಿ ಜಪಾನಿನ ಸತೋಶಿ ಶಿಮಿಜು ಕೊನೆಯ ಸುತ್ತಿನಲ್ಲಿ ಅಜರ್‌ಬೈಜಾನಿನ ಎದುರಾಳಿಯನ್ನು ಆರು ಸಲ ಕೆಡವಿಯೂ ಸೋತರೆಂದು ಘೋಷಿಸಲಾಗಿತ್ತು. ರೆಫರಿ ಪಂದ್ಯ ನಿಲ್ಲಿಸಬೇಕಿತ್ತು ಎಂಬ ಕಾರಣಕ್ಕೆ ಅದೂ ತಿರುಗಿತು. ರೆಫರಿಯನ್ನು ಮನೆಗೆ ಕಳಿಸಲಾಯಿತು.

ಎರಡು ವರ್ಷಗಳ ನಂತರ, 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್. ಮಣಿಪುರದ ಸರಿತಾ ದೇವಿ ಆತಿಥೇಯ ದಕ್ಷಿಣ ಕೊರಿಯಾದ ಪಾರ್ಕ್ ಜಿನಾ ಅವರನ್ನು ಚೆನ್ನಾಗಿಯೇ ಹೊಡೆದಿದ್ದರು. ಪಂದ್ಯ ನೋಡಿದವರಿಗೆ ಅನುಮಾನವಿರಲಿಲ್ಲ. ತೀರ್ಪು ಪಾರ್ಕ್ ಪರ. ಸರಿತಾ ಕಡೆಯವರು ಹಣ ಹೊಂದಿಸಿಕೊಂಡು ದೂರಿನ ಶುಲ್ಕ ಕಟ್ಟಿದರು. ತೀರ್ಪುಗಾರರ ನಿರ್ಧಾರದ ವಿರುದ್ಧ ದೂರಿಗೆ ನಿಯಮದಲ್ಲಿ ಅವಕಾಶವೇ ಇಲ್ಲ ಎಂಬ ಉತ್ತರ ಬಂತು. ಪದಕ ಪ್ರದಾನದ ವೇದಿಕೆಯಲ್ಲಿ ಸರಿತಾ ಅಳುತ್ತಾ ತಮ್ಮ ಕಂಚನ್ನು ಪಾರ್ಕ್ ಕೊರಳಿಗೆ ಹಾಕಿದರು. ಅದಕ್ಕೆ ಅಂತರರಾಷ್ಟ್ರೀಯ ಸಂಸ್ಥೆ ಅವರ ಮೇಲೆ ಒಂದು ವರ್ಷದ ನಿಷೇಧ ಹೇರಿತು. ಪ್ರತಿಭಟಿಸಿದ ಆಟಗಾರ್ತಿಗೆ ಶಿಕ್ಷೆ. ಅಂಕ ಹಾಕಿದವರ ಬಗ್ಗೆ ಮೌನ. ಮ್ಯಾಲಿನ್ ಅವರ ಸೌಮ್ಯತೆಯನ್ನು ಹೊಗಳುವವರು ಸರಿತಾ ಅವರನ್ನು ಅಶಿಸ್ತಿನವರು ಎಂದು ಬೈದದ್ದನ್ನು ನಾನು ಒಪ್ಪಲಾರೆ. ಮ್ಯಾಲಿನ್ ಸುಮ್ಮನಿದ್ದಾಗ ಅವರ ಪರ ಮಾತನಾಡಲು ಸಮಿತಿಯೊಳಗೇ ಒಬ್ಬರಿದ್ದರು. ಸರಿತಾ ಪರ ಅಂಥವರು ಯಾರೂ ಇರಲಿಲ್ಲ.

ಎಣಿಸುವ ವಿಧಾನ ಬದಲಾಯಿಸಿದರೆ ಸಾಕೇ?

ಬಾಕ್ಸಿಂಗ್ ನಡೆಸುವವರು ಪ್ರತಿ ಹಗರಣದ ನಂತರ ಹಿಡಿದ ದಾರಿ ಒಂದೇ: ಅಂಕ ಕೊಡುವ ಪದ್ಧತಿಯನ್ನು ಬದಲಿಸುವುದು. ಇದರ ಮೂಲ 1988ರ ಸೋಲ್ ಒಲಿಂಪಿಕ್ಸ್. ಲೈಟ್ ಮಿಡಲ್‌ವೇಟ್ ಫೈನಲ್‌ನಲ್ಲಿ ಅಮೆರಿಕದ 19 ವರ್ಷದ ರಾಯ್ ಜೋನ್ಸ್ 86 ಹೊಡೆತ ತಾಗಿಸಿದರು. ಆತಿಥೇಯ ದೇಶದ ಪಾರ್ಕ್ ಸಿಹುನ್ ತಾಗಿಸಿದ್ದು 32. ತೀರ್ಪು 3-2, ಪಾರ್ಕ್ ಪರ. ಸೋತ ಜೋನ್ಸ್‌ಗೆ ಆ ಕೂಟದ ಅತ್ಯುತ್ತಮ ಬಾಕ್ಸರ್ ಪ್ರಶಸ್ತಿ ಕೊಡಲಾಯಿತು. ಪಾರ್ಕ್ ಪರ ಮತ ಹಾಕಿದ ತೀರ್ಪುಗಾರರನ್ನು ಅಮಾನತು ಮಾಡಲಾಯಿತು. ಆದರೆ ಫಲಿತಾಂಶ ಹಾಗೆಯೇ ಉಳಿಯಿತು. 1997ರಲ್ಲಿ ಒಲಿಂಪಿಕ್ ಸಮಿತಿ ಲಂಚಕ್ಕೆ ಪುರಾವೆಯಿಲ್ಲ ಎಂದು ಕಡತ ಮುಚ್ಚಿತು. ಯಾವ ಸಂಸ್ಥೆಯೂ ತಿದ್ದದ್ದನ್ನು ಕೊನೆಗೆ ಆಟಗಾರನೇ ತಿದ್ದಿದರು: 2023ರಲ್ಲಿ ಪಾರ್ಕ್ ಫ್ಲಾರಿಡಾದ ಪೆನ್ಸಕೋಲಾಕ್ಕೆ ಹೋಗಿ ಆ ಬಂಗಾರದ ಪದಕವನ್ನು ಜೋನ್ಸ್ ಕೈಗಿತ್ತರು. 35 ವರ್ಷ ಆ ಪದಕ ಅವರಿಗೂ ಭಾರವಾಗಿತ್ತು. ತಪ್ಪು ತೀರ್ಪು ಸೋತವರಿಗೆ ಅನ್ಯಾಯ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಗೆದ್ದವರಿಗೆ ಅದು ಮಾಡುವ ಅನ್ಯಾಯದ ಬಗ್ಗೆ ಮಾತು ಕಡಿಮೆ.

ಸೋಲ್‌ನ ನಂತರ ಬಂದದ್ದು ಕಂಪ್ಯೂಟರ್. 1992ರ ಬಾರ್ಸಿಲೋನಾದಿಂದ ಐವರು ತೀರ್ಪುಗಾರರ ಮುಂದೆ ಗುಂಡಿಗಳಿದ್ದವು. ಕೈಗವಸಿನ ಗೆಣ್ಣಿನ ಭಾಗ ಎದುರಾಳಿಯ ತಲೆಗೋ ಮೈಗೋ ಸರಿಯಾಗಿ ತಾಗಿದಾಗ, ಮೂವರಾದರೂ ಒಂದು ಸೆಕೆಂಡಿನೊಳಗೆ ಗುಂಡಿ ಒತ್ತಿದರೆ ಒಂದು ಅಂಕ. ಅಭಿಪ್ರಾಯವನ್ನು ಲೆಕ್ಕವಾಗಿ ಬದಲಿಸುವ ಈ ಪ್ರಯತ್ನದ ಹಿಂದಿನ ಆಸೆ ಪ್ರಾಮಾಣಿಕವಾದದ್ದು. ಪರಿಣಾಮ ಬೇರೆಯಾಯಿತು. ಹತ್ತಿರ ನಿಂತು ಪಕ್ಕೆಗೆ ಕೊಡುವ ಹೊಡೆತಗಳು ಮೂರು ಮೂಲೆಯವರಿಗೆ ಒಟ್ಟಿಗೆ ಕಾಣುವುದಿಲ್ಲ. ವೇಗದ ಸರಣಿ ಹೊಡೆತಗಳಲ್ಲಿ ಒಂದೋ ಎರಡೋ ಮಾತ್ರ ದಾಖಲಾಗುತ್ತವೆ. ದೂರ ನಿಂತು ಒಂದೊಂದೇ ನೇರ ಹೊಡೆತ ಹೊಡೆದು ಹಿಂದೆ ಸರಿಯುವವರಿಗೆ ಅಂಕ ಹೆಚ್ಚು ಬಂದವು. ಎರಡು ದಶಕಗಳಲ್ಲಿ ಆಟದ ಶೈಲಿಯೇ ಬದಲಾಯಿತು. ಮ್ಯಾಲಿನ್ ಅವರ ನೇರವಾದ ಎಡಗೈ ಈ ಯಂತ್ರಕ್ಕೆ ಬಹಳ ಹಿಡಿಸುತ್ತಿತ್ತು ಎಂದು ನನ್ನ ಊಹೆ.

ತವರಿನ ಲಾಭದ ವಿಷಯದಲ್ಲಿ ಇಂಗ್ಲೆಂಡ್ ಯಾವಾಗಲೂ ಬಲಿಪಶುವಾಗಿತ್ತು ಎಂದು ಭಾವಿಸಬಾರದು. 1908ರ ಲಂಡನ್ ಒಲಿಂಪಿಕ್ಸ್‌ನ ಐದೂ ಬಾಕ್ಸಿಂಗ್ ಬಂಗಾರ ಬ್ರಿಟನ್ನಿಗೇ ಹೋದವು. ಭಾಗವಹಿಸಿದ 42 ಬಾಕ್ಸರುಗಳಲ್ಲಿ 32 ಮಂದಿ ಬ್ರಿಟನ್ನಿನವರು. ಆಗ ಮಿಡಲ್‌ವೇಟ್ ಬಂಗಾರ ಗೆದ್ದ ಜಾನಿ ಡಗ್ಲಸ್ ಮುಂದೆ ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕರಾಗಿ 1911-12ರಲ್ಲಿ ಆಸ್ಟ್ರೇಲಿಯಾವನ್ನು 4-1ರಿಂದ ಸೋಲಿಸಿದವರು. ಅವರ ತಂದೆ ಇಂಗ್ಲೆಂಡಿನ ಹವ್ಯಾಸಿ ಬಾಕ್ಸಿಂಗ್ ಸಂಸ್ಥೆಯ ಮುಖ್ಯಸ್ಥರು. ಫೈನಲ್‌ನಲ್ಲಿ ಸೋತ ಆಸ್ಟ್ರೇಲಿಯಾದ ಸ್ನೋಯಿ ಬೇಕರ್, ಆ ತಂದೆಯೇ ರೆಫರಿಯಾಗಿದ್ದರೆಂದು ವರ್ಷಗಳ ನಂತರವೂ ಹೇಳುತ್ತಿದ್ದರು. ಅದು ನಿಜವಲ್ಲ, ತಂದೆ ಅಲ್ಲಿದ್ದದ್ದು ಪದಕ ಕೊಡಲು. ಆದರೂ ಆ ಸುಳ್ಳು ನಂಬಿಕೆ ಅಷ್ಟು ಕಾಲ ಬದುಕಿದ್ದು ಏಕೆ ಎಂದರೆ, ಎಲ್ಲ ಅಧಿಕಾರ ಒಂದೇ ಮನೆಯಲ್ಲಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. 2012ರಲ್ಲಿ ಲಂಡನ್ನಿನಲ್ಲೇ ಆಂಥನಿ ಜೋಶುವಾ ಮತ್ತು ಇಟಲಿಯ ರೊಬೆರ್ತೊ ಕಮ್ಮರೆಲ್ಲೆ ನಡುವಿನ ಸೂಪರ್ ಹೆವಿವೇಟ್ ಫೈನಲ್ 18-18ರಲ್ಲಿ ಸಮವಾಯಿತು; ಮರು ಎಣಿಕೆಯಲ್ಲಿ ಬಂಗಾರ ಜೋಶುವಾ ಪಾಲಾಯಿತು; ಇಟಲಿಯ ಮೇಲ್ಮನವಿ ಬಿದ್ದುಹೋಯಿತು. ಇಟಲಿಯವರು ಅದನ್ನು ಮರೆತಿಲ್ಲ.

2013ರಲ್ಲಿ ಕಂಪ್ಯೂಟರ್ ಗುಂಡಿಗಳನ್ನು ಕೈಬಿಟ್ಟು ವೃತ್ತಿಪರ ಬಾಕ್ಸಿಂಗ್‌ನ ಹತ್ತು ಅಂಕದ ಪದ್ಧತಿಯನ್ನು ತಂದರು: ಸುತ್ತು ಗೆದ್ದವರಿಗೆ 10, ಸೋತವರಿಗೆ 9 ಅಥವಾ ಕಡಿಮೆ. ಅಲ್ಲಿಗೆ ಮತ್ತೆ ಅಭಿಪ್ರಾಯಕ್ಕೇ ಬಂದು ನಿಂತಂತಾಯಿತು. 2016ರ ರಿಯೊದಲ್ಲಿ ಐರ್ಲೆಂಡಿನ ಮೈಕಲ್ ಕಾನ್ಲನ್ ರಷ್ಯಾದ ವ್ಲಾದಿಮಿರ್ ನಿಕಿತಿನ್ ವಿರುದ್ಧ ಸೋತಾಗ ತೀರ್ಪುಗಾರರತ್ತ ನಡುಬೆರಳು ತೋರಿಸಿದ್ದನ್ನು ಜಗತ್ತೇ ನೋಡಿತು. ನಿಕಿತಿನ್ ಗಾಯಗಳಿಂದಾಗಿ ಸೆಮಿಫೈನಲ್ ಆಡಲೂ ಆಗಲಿಲ್ಲ. ಕೆಲವು ತೀರ್ಪುಗಳು ನಿರೀಕ್ಷಿತ ಮಟ್ಟದಲ್ಲಿರಲಿಲ್ಲ ಎಂದು ಸಂಸ್ಥೆಯೇ ಒಪ್ಪಿ ಕೆಲವು ತೀರ್ಪುಗಾರರನ್ನು ಹೊರಗಿಟ್ಟಿತು. ಫಲಿತಾಂಶಗಳನ್ನು ಮಾತ್ರ ಮುಟ್ಟಲಿಲ್ಲ.

ನಿಜವಾದ ಹುಣ್ಣು ಎಲ್ಲಿತ್ತು ಎಂಬುದು ಹೊರಬಂದದ್ದು 2021ರಲ್ಲಿ. ಕೆನಡಾದ ಕಾನೂನು ಪ್ರಾಧ್ಯಾಪಕ ರಿಚರ್ಡ್ ಮೆಕ್‌ಲಾರೆನ್ ನಡೆಸಿದ ತನಿಖೆ ರಿಯೊದ ಸುಮಾರು 11 ಪಂದ್ಯಗಳನ್ನು ಸಂಶಯಾಸ್ಪದ ಎಂದು ಗುರುತಿಸಿತು. ಕಾನ್ಲನ್ ಪಂದ್ಯ ಅದರಲ್ಲಿತ್ತು. ಲಂಡನ್ನಿನ ಜೋ ಜಾಯ್ಸ್ ಫ್ರಾನ್ಸಿನ ಟೋನಿ ಯೋಕಾ ಎದುರು ಸೋತ ಸೂಪರ್ ಹೆವಿವೇಟ್ ಫೈನಲ್ ಕೂಡ ಇತ್ತು. (ಆಡಿದ ಬಾಕ್ಸರುಗಳ ಮೇಲೆ ಆ ವರದಿ ಆರೋಪ ಹೊರಿಸಿಲ್ಲ ಎಂಬುದನ್ನು ಒತ್ತಿ ಹೇಳಬೇಕು.) ವರದಿಯ ಮುಖ್ಯ ಮಾತು ಅಂಕದ ಪದ್ಧತಿಯ ಬಗ್ಗೆ ಇರಲಿಲ್ಲ. ಯಾವ ಪಂದ್ಯಕ್ಕೆ ಯಾವ ತೀರ್ಪುಗಾರರನ್ನು ಕೂರಿಸುವುದು ಎಂಬ ನಿರ್ಧಾರವೇ ಕೆಟ್ಟಿತ್ತು, ಒಲಿಂಪಿಕ್ಸ್‌ಗೆ ಮೊದಲೇ, ಅರ್ಹತಾ ಪಂದ್ಯಗಳಲ್ಲಿ, ಯಾರು ಹೇಳಿದಂತೆ ಕೇಳುತ್ತಾರೆ ಎಂದು ನೋಡಿ ಆರಿಸಲಾಗಿತ್ತು, ಪ್ರಾಮಾಣಿಕರನ್ನು ದೂರವಿಡಲಾಗಿತ್ತು.

ಬೆಳೆ ನಿಂತ ಮೇಲೆ ಕಳೆ ಕೀಳುವುದಕ್ಕಿಂತ ಬೀಜ ಆರಿಸುವಾಗಲೇ ನೋಡಬೇಕು ಎಂದು ಯಾವ ರೈತರಾದರೂ ಹೇಳುತ್ತಾರೆ. ನನ್ನ ವಾದವೂ ಇಷ್ಟೇ. ಅಭಿಪ್ರಾಯವನ್ನು ಪಂದ್ಯದ ನಂತರ ತಿದ್ದುವುದು ಬಹಳ ಕಷ್ಟ. ಮೂವರು ತಪ್ಪು ನೋಡಿದರೆಂದು ಬೇರೆ ಮೂವರು ಹೇಳಿದರೆ ಅದೂ ಅಭಿಪ್ರಾಯವೇ. ಆದ್ದರಿಂದ ಕಾಪಾಡಬೇಕಾದದ್ದು ಪಂದ್ಯಕ್ಕೆ ಮೊದಲಿನ ಹಂತವನ್ನು: ತೀರ್ಪುಗಾರರನ್ನು ಯಾರು ಆರಿಸುತ್ತಾರೆ, ಹೇಗೆ ಹಂಚುತ್ತಾರೆ, ಅವರ ಹಿಂದಿನ ಅಂಕಗಳನ್ನು ಯಾರು ಪರಿಶೀಲಿಸುತ್ತಾರೆ ಎಂಬುದನ್ನು.

ಈಗಿನ ಸ್ಥಿತಿ

ಒಲಿಂಪಿಕ್ ಸಮಿತಿ 2019ರಲ್ಲಿ ಹಳೆಯ ಅಂತರರಾಷ್ಟ್ರೀಯ ಸಂಸ್ಥೆಯನ್ನು ಅಮಾನತುಗೊಳಿಸಿತು. 2023ರ ಜೂನ್‌ನಲ್ಲಿ ಮಾನ್ಯತೆಯನ್ನೇ ಕಿತ್ತುಕೊಂಡಿತು. ಟೋಕಿಯೊ ಮತ್ತು ಪ್ಯಾರಿಸ್ ಕೂಟಗಳ ಬಾಕ್ಸಿಂಗನ್ನು ಸಮಿತಿಯೇ ನಡೆಸಿತು. ತೀರ್ಪುಗಾರರ ಆಯ್ಕೆಯ ಮೇಲೆ ಹೊರಗಿನವರ ಕಣ್ಣಿಟ್ಟು, ಹಂಚಿಕೆಯನ್ನು ಯಂತ್ರದ ಚೀಟಿಗೆ ಬಿಟ್ಟಿತು. ಇದರಿಂದ ಜಗಳ ನಿಂತಿತೇ? ಇಲ್ಲ. 2024ರ ಪ್ಯಾರಿಸ್‌ನಲ್ಲಿ 71 ಕೆ.ಜಿ. ವಿಭಾಗದ ಕ್ವಾರ್ಟರ್ ಫೈನಲ್‌ನಲ್ಲಿ ನಿಶಾಂತ್ ದೇವ್ ಮೆಕ್ಸಿಕೊದ ಮಾರ್ಕೊ ವೆರ್ದೆ ವಿರುದ್ಧ 1-4ರಿಂದ ಸೋತರು. ಮೊದಲ ಸುತ್ತು ಅವರದಾಗಿತ್ತು. ತೀರ್ಪು ಕೇಳಿ ಭಾರತದಲ್ಲಿ ಬಹಳ ಮಂದಿ ಸಿಟ್ಟಾದರು. ಹರಿಯಾಣದ ಈ ಹುಡುಗ ಅಭ್ಯಾಸ ಮಾಡಿದ್ದು ನಮ್ಮ ಬಳ್ಳಾರಿ ಸೀಮೆಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಹೀಗಾಗಿ ಆ ಸೋಲು ಇಲ್ಲಿಯೂ ತಟ್ಟಿತು. ಮುಂದಿನ ವರ್ಷದ ಆರಂಭದಲ್ಲಿ ಅವರು ವೃತ್ತಿಪರ ಬಾಕ್ಸಿಂಗ್‌ಗೆ ಹೋದರು.

ಆದರೂ ನಿಶಾಂತ್ ಸೋಲನ್ನು ಕಾನ್ಲನ್ ಸೋಲಿನ ಸಾಲಿನಲ್ಲಿ ಇಡಲು ನನಗೆ ಮನಸ್ಸಿಲ್ಲ. ಅಲ್ಲಿ ನಡೆದದ್ದು ಕಣ್ಣಿನ ತಪ್ಪಾಗಿರಬಹುದು; ಎರಡನೇ ಮತ್ತು ಮೂರನೇ ಸುತ್ತಿನಲ್ಲಿ ವೆರ್ದೆ ಮುಂದೊತ್ತಿ ಬಂದದ್ದನ್ನು ತೀರ್ಪುಗಾರರು ಹೆಚ್ಚಾಗಿ ತೂಗಿರಬಹುದು. ಆಯ್ಕೆಯ ಹಂತ ಶುದ್ಧವಿದೆ ಎಂದು ಗೊತ್ತಿದ್ದರೆ ಸೋತವರು ಹಾಗೆ ಯೋಚಿಸಬಲ್ಲರು. ಗೊತ್ತಿಲ್ಲದಿದ್ದರೆ ಪ್ರತಿ ಸೋಲೂ ಕಳವಾಗಿ ಕಾಣುತ್ತದೆ. ಎರಡರ ನಡುವಿನ ಅಂತರ ಆಟಗಾರರ ಬದುಕಿನಲ್ಲಿ ಬಹಳ ದೊಡ್ಡದು.

2023ರಲ್ಲಿ ಹುಟ್ಟಿದ ವರ್ಲ್ಡ್ ಬಾಕ್ಸಿಂಗ್ ಎಂಬ ಹೊಸ ಸಂಸ್ಥೆಗೆ 2025ರ ಫೆಬ್ರುವರಿಯಲ್ಲಿ ತಾತ್ಕಾಲಿಕ ಮಾನ್ಯತೆ ಸಿಕ್ಕಿತು. ಅದರಿಂದಲೇ ಲಾಸ್ ಏಂಜಲೀಸ್ ದಾರಿ ತೆರೆಯಿತು. ಭಾರತದ ಫೆಡರೇಶನ್ 2024ರಲ್ಲಿಯೇ ಅದರ ಸದಸ್ಯತ್ವ ಪಡೆದಿತ್ತು. ವರ್ಲ್ಡ್ ಬಾಕ್ಸಿಂಗ್ 2025ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ನಡೆಸಿದ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಾಸ್ಮಿನ್ ಲಂಬೋರಿಯಾ ಮತ್ತು ಮೀನಾಕ್ಷಿ ಹೂಡಾ ಬಂಗಾರ ಗೆದ್ದರು. ಮಹಿಳೆಯರು ಇಂಗ್ಲೆಂಡಿನಲ್ಲಿ ಬಾಕ್ಸಿಂಗ್ ಆಡಬಾರದೆಂಬ ನಿಷೇಧವನ್ನು ಅಲ್ಲಿನ ಹವ್ಯಾಸಿ ಸಂಸ್ಥೆ ತೆಗೆದದ್ದೇ 1996ರಲ್ಲಿ ಎಂಬುದನ್ನು ನೆನೆದರೆ ಇದು ಎಷ್ಟು ದೂರದ ಪಯಣವೆಂದು ತಿಳಿಯುತ್ತದೆ. ಮ್ಯಾಲಿನ್ ನಂತರ ಒಲಿಂಪಿಕ್ ಪಟ್ಟ ಉಳಿಸಿಕೊಂಡ ಇನ್ನೊಬ್ಬ ಬ್ರಿಟಿಷ್ ಬಾಕ್ಸರ್ ಬರಲು 92 ವರ್ಷ ಬೇಕಾಯಿತು, ಮತ್ತು ಬಂದವರು ಮಹಿಳೆ: ಲೀಡ್ಸ್‌ನ ನಿಕೋಲಾ ಆಡಮ್ಸ್. 2012ರ ಸೆಮಿಫೈನಲ್‌ನಲ್ಲಿ ಮೇರಿ ಕೋಮ್ ಅವರನ್ನು 11-6ರಿಂದ ಸೋಲಿಸಿ ಬಂಗಾರದತ್ತ ಹೋದವರು ಅವರೇ. ಆ ತೀರ್ಪನ್ನು ಭಾರತದಲ್ಲಿ ಯಾರೂ ಪ್ರಶ್ನಿಸಲಿಲ್ಲ, ಏಕೆಂದರೆ ಪಂದ್ಯ ಹಾಗೆಯೇ ಇತ್ತು.

ಮ್ಯಾಲಿನ್ ಪ್ಯಾರಿಸ್ಸಿನ ನಂತರ ರಿಂಗಿನಿಂದ ದೂರ ಹೋಗಲಿಲ್ಲ. 1936 ಮತ್ತು 1952ರ ಒಲಿಂಪಿಕ್ಸ್‌ಗಳಿಗೆ ಬ್ರಿಟನ್ನಿನ ಬಾಕ್ಸಿಂಗ್ ತಂಡವನ್ನು ವ್ಯವಸ್ಥಾಪಕರಾಗಿ ಕರೆದೊಯ್ದರು. 1937ರಲ್ಲಿ ಅಲೆಕ್ಸಾಂಡ್ರಾ ಪ್ಯಾಲೆಸ್‌ನಿಂದ ಬಿಬಿಸಿ ಟೆಲಿವಿಷನ್‌ನಲ್ಲಿ ಪ್ರಸಾರ ಮಾಡಿದ ಬಾಕ್ಸಿಂಗ್‌ಗೆ ವಿವರಣೆ ಕೊಟ್ಟವರೂ ಅವರೇ. ಕ್ರೀಡೆಯ ಮೊದಲ ಟಿ.ವಿ. ವೀಕ್ಷಕ ವಿವರಣೆ ಅದೇ ಎಂದು ಗುರುತಿಸುತ್ತಾರೆ. 1969ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅವರು ಆಡಿದ ಹವ್ಯಾಸಿ ಬಾಕ್ಸಿಂಗ್ ಹೆಸರಿಗೂ ಉಳಿದಿಲ್ಲ: ಅಂತರರಾಷ್ಟ್ರೀಯ ಸಂಸ್ಥೆ 2007ರಲ್ಲಿಯೇ ತನ್ನ ಹೆಸರಿನಿಂದ ‘ಹವ್ಯಾಸಿ’ಯನ್ನು ತೆಗೆದುಹಾಕಿತ್ತು, 2016ರಿಂದ ವೃತ್ತಿಪರರಿಗೂ ಒಲಿಂಪಿಕ್ಸ್ ಬಾಗಿಲು ತೆರೆದಿದೆ.

ಲಾಸ್ ಏಂಜಲೀಸ್‌ನಲ್ಲಿ ಪುರುಷರಿಗೆ ಏಳು, ಮಹಿಳೆಯರಿಗೆ ಏಳು ತೂಕದ ವಿಭಾಗಗಳಿರುತ್ತವೆ. ಅದಕ್ಕೆ ಮೊದಲಿನ ಅರ್ಹತಾ ಪಂದ್ಯಗಳೇ ನಿಜವಾದ ಪರೀಕ್ಷೆ. ರಿಯೊದ ಕೆಡುಕು ಬೇರು ಬಿಟ್ಟದ್ದು ಅಲ್ಲಿಯೇ. ಭಾರತದ ಫೆಡರೇಶನ್ ಸದಸ್ಯನಾಗಿ ಈಗಲೇ ಕೇಳಬೇಕಾದ ಸಂಗತಿಗಳು ಸ್ಪಷ್ಟವಾಗಿವೆ. ಪ್ರತಿ ತೀರ್ಪುಗಾರರು ಪ್ರತಿ ಪಂದ್ಯದಲ್ಲಿ, ಪ್ರತಿ ಸುತ್ತಿಗೆ ಕೊಟ್ಟ ಅಂಕಗಳು ಅವರ ಹೆಸರಿನೊಡನೆ ಪ್ರಕಟವಾಗಬೇಕು. ಅವರು ಉಳಿದವರಿಗಿಂತ ಎಷ್ಟು ಸಲ, ಯಾವ ದೇಶದವರ ಪರವಾಗಿ ಬೇರೆ ತೀರ್ಪು ಕೊಟ್ಟರು ಎಂಬುದು ಯಾರು ಬೇಕಾದರೂ ನೋಡುವಂತಿರಬೇಕು. ಹಂಚಿಕೆ ಮಾಡುವವರು ಸಂಸ್ಥೆಯ ಚುನಾವಣೆಯಲ್ಲಿ ಮತ ಕೇಳುವವರಾಗಿರಬಾರದು. ಮತ್ತು ದೂರು ಕೊಡುವ ಹಕ್ಕು ಬಾಕ್ಸರಿಗೆ ಬರವಣಿಗೆಯಲ್ಲಿರಬೇಕು, ಶುಲ್ಕವಿಲ್ಲದೆ, ಶಿಕ್ಷೆಯ ಹೆದರಿಕೆಯಿಲ್ಲದೆ. ಮೊದಲ ಅರ್ಹತಾ ಪಂದ್ಯದ ಗಂಟೆ ಬಾರಿಸುವ ಮುನ್ನ ಇವಕ್ಕೆ ಉತ್ತರ ಬಾರದಿದ್ದರೆ, ಆಮೇಲೆ ಕೇಳಿ ಪ್ರಯೋಜನವಿಲ್ಲ.